ಲೋಕ ಒಪ್ಪದ ನಿರ್ಮಲೆ

ಹಳೆಯ ಹಿಂದೀ ಚಲಚ್ಚಿತ್ರಗಳಲ್ಲಿ ಗಟ್ಟಿಗಿತ್ತಿಯಾದ ನಾಯಿಕೆ ಯಾರೆಂದು ನಮ್ಮ ಕಾಲೇಜಿನ ವರಾಂಡದಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ‘ಮದರ್ ಇಂಡಿಯಾ’ದ ರಾಧೆ. 1957ರ ಆ ಚಿತ್ರದ ಮೇಲೆ ನನ್ನ ತಕರಾರೇನೂ ಇಲ್ಲ. ನೇಗಿಲಿಗೆ ಹೆಗಲು ಕೊಟ್ಟ ನರ್ಗಿಸರ ರೂಪ ಮರೆಯುವಂಥದಲ್ಲ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲು, 1937ರಲ್ಲಿ, ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯವರು ‘ದುನಿಯಾ ನ ಮಾನೆ’ ಎಂಬ ಚಿತ್ರವನ್ನು ತೆಗೆದರು. ಅದರ ನಾಯಿಕೆ ನಿರ್ಮಲೆಯ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಸಿನಿಮಾ ಚರಿತ್ರೆಯ ಗ್ರಂಥಗಳು ಅವಳನ್ನು ಮರೆತಿಲ್ಲ, ಮರೆತವರು ಪ್ರೇಕ್ಷಕರು. ರಾಧೆ ಸಹಿಸಿ ದೊಡ್ಡವಳಾದಳು. ಕಡೆಗೆ ಬಂದೂಕು ಹಿಡಿದರೂ ಅದು ಊರಿನ ಮಾನಕ್ಕಾಗಿ. ನಿರ್ಮಲೆ ಸಹಿಸಲು ಒಪ್ಪಲಿಲ್ಲ, ಅದೂ ತನಗಾಗಿ. ಮೊದಲನೆಯವಳನ್ನು ಲೋಕ ತಲೆಯ ಮೇಲೆ ಹೊತ್ತು ಮೆರೆಸಿತು, ಎರಡನೆಯವಳನ್ನು ಮೂಲೆಗೆ ಸರಿಸಿತು. ಇದು ಆಕಸ್ಮಿಕವೆಂದು ನಾನು ನಂಬಲಾರೆ.

ಕಥೆ ಸಣ್ಣದು. ತಂದೆತಾಯಿಯಿಲ್ಲದ ನಿರ್ಮಲೆಯನ್ನು ಸಾಕಿದವರು ಹಣದಾಸೆಗೆ ಬಿದ್ದು, ಮೋಸಮಾಡಿ ಮುದಿ ವಕೀಲನೊಬ್ಬನಿಗೆ ಧಾರೆಯೆರೆಯುತ್ತಾರೆ. ಹೆಂಡತಿ ಸತ್ತ ಕಾಕಾಸಾಹೇಬನಿಗೆ ಬೆಳೆದ ಮಗ, ಬೆಳೆದ ಮಗಳು ಇದ್ದಾರೆ. ಇಂಥ ಕಥೆಗಳಲ್ಲಿ ಹುಡುಗಿ ಬಾವಿಗೆ ಹಾರುವುದು ಇಲ್ಲವೆ ಹಣೆಬರಹವೆಂದು ಒಲೆಯ ಮುಂದೆ ಕೂರುವುದು ವಾಡಿಕೆ. ನಿರ್ಮಲೆ ಎರಡನ್ನೂ ಮಾಡುವುದಿಲ್ಲ. ಆ ಮನೆಯಲ್ಲೇ ಇದ್ದುಕೊಂಡು, ಇದು ಮದುವೆಯೇ ಅಲ್ಲ ಎನ್ನುತ್ತಾಳೆ. ಗಂಡನೆನಿಸಿಕೊಂಡವನನ್ನು ಹತ್ತಿರ ಸೇರಿಸುವುದಿಲ್ಲ. ಮೈಮೇಲೆ ಬರಲು ನೋಡಿದ ಮಲಮಗನನ್ನು ಬಡಿದು ಬುದ್ಧಿ ಕಲಿಸುತ್ತಾಳೆ. ಪ್ರಭಾತದವರೇ ಹಿಂದಿನ ವರ್ಷ ತೆಗೆದ ‘ಅಮರ ಜ್ಯೋತಿ’ಯಲ್ಲಿ ದುರ್ಗಾ ಖೋಟೆ ಕಡಲುಗಳ್ಳರ ನಾಯಕಿಯಾಗಿ ಅಬ್ಬರಿಸಿದ್ದರು. ಹಡಗಿನ ಮೇಲೆ ನಿಂತು ಗಂಡಸರನ್ನು ಎದುರಿಸುವುದಕ್ಕಿಂತ ಅಡುಗೆಮನೆ, ನಡುಮನೆಗಳ ನಡುವೆ ದಿನವೂ ಬೆಳಗಾದರೆ ಎದುರಿಸುವುದು ಕಷ್ಟವೆಂದು ನನಗೆ ತೋರುತ್ತದೆ.

ಕಷ್ಟ ಏತಕ್ಕೆಂದರೆ ಅವಳಿಗೆ ಹೊರಹೋಗುವ ಬಾಗಿಲೇ ಇರಲಿಲ್ಲ. 1929ರ ಶಾರದಾ ಕಾಯಿದೆ ಹೆಣ್ಣಿನ ಮದುವೆಗೆ ಹದಿನಾಲ್ಕು ವರ್ಷವೆಂದು ಗೊತ್ತುಮಾಡಿತ್ತು, ಅಷ್ಟೆ. ಮುದುಕನಿಗೆ ಹುಡುಗಿಯನ್ನು ಕೊಡಬಾರದೆಂದು ಅದರಲ್ಲಿಲ್ಲ. ನಮ್ಮ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1894ರಷ್ಟು ಹಿಂದೆಯೇ ಅಲ್ಲಿಯ ಕಾಯಿದೆ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ವರಿಸಕೂಡದೆಂದು ವಿಧಿಸಿತ್ತು. ಆದರೆ ಹದಿನೈದರ ಹುಡುಗಿಯಾದರೆ? ಎಲ್ಲ ಕಾಯಿದೆಗಳೂ ವರ್ಷ ಎಣಿಸಿದುವು. ಹುಡುಗಿಗೆ ಮನಸ್ಸಿದೆಯೆ ಎಂದು ಕೇಳಲಿಲ್ಲ. ಹಿಂದೂ ವಿವಾಹ ಕಾಯಿದೆ ಬಂದು ದೇಶಕ್ಕೆಲ್ಲ ವಿಚ್ಛೇದನದ ದಾರಿ ತೆರೆದದ್ದು 1955ರಲ್ಲಿ. ನಿರ್ಮಲೆ ಕೇಳುವುದೆಲ್ಲ ಆ ಕೇಳದೆ ಬಿಟ್ಟ ಪ್ರಶ್ನೆಯನ್ನೇ.

ನಿರ್ಮಲೆಯಾದವರು ಶಾಂತಾ ಆಪ್ಟೆ. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಸಿಟ್ಟನ್ನು ಕಣ್ಣಿನಲ್ಲಿ ತುಂಬಿಕೊಂಡು ತುಟಿ ಬಿಗಿಹಿಡಿಯುವ ಅವರ ರೀತಿ ಮಾತಿಗಿಂತ ಹೆಚ್ಚು ಹೇಳುತ್ತದೆ. ಚಿತ್ರದಲ್ಲಿ ಅವರು ಲಾಂಗ್‌ಫೆಲೊ ಕವಿಯ ಇಂಗ್ಲಿಷ್ ಪದ್ಯವೊಂದನ್ನು ಇಂಗ್ಲಿಷಿನಲ್ಲೇ ಹಾಡುತ್ತಾರೆ. ಇಂಗ್ಲಿಷ್ ಎಂ.ಎ. ಓದುವ ನನ್ನ ಗೆಳೆಯನೊಬ್ಬ ಉಚ್ಚಾರಣೆ ಕೇಳಿ ನಕ್ಕ. ನನಗೆ ನಗು ಬರಲಿಲ್ಲ. ಬಾಳು ಒಂದು ಯುದ್ಧಭೂಮಿಯೆನ್ನುವ ಆ ಪದ್ಯ ಪಾಠದ ಕೊಠಡಿಯಲ್ಲಿ ಉಪದೇಶದಂತೆ ಕೇಳುತ್ತದೆ, ನಿರ್ಮಲೆಯ ಬಾಯಲ್ಲಿ ವರದಿಯಂತೆ. 1939ರಲ್ಲಿ ಇದೇ ನಟಿ ಪ್ರಭಾತ್ ಕಂಪನಿಯ ಬಾಗಿಲಲ್ಲೇ ಕುಳಿತು ಉಪವಾಸ ಮುಷ್ಕರ ಹೂಡಿದರೆಂಬುದನ್ನೂ ತಿಳಿದ ಮೇಲೆ, ಪಾತ್ರ ಎಲ್ಲಿ ಮುಗಿಯಿತು, ವ್ಯಕ್ತಿ ಎಲ್ಲಿ ಮೊದಲಾಯಿತು ಎನ್ನುವುದೇ ತೊಡಕಾಗುತ್ತದೆ.

ಕಾಕಾಸಾಹೇಬನ ಮಗಳಾಗಿ ಬರುವವರು ಶಕುಂತಲಾ ಪರಾಂಜಪೆ. ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದವರು. ಕುಟುಂಬ ಯೋಜನೆಯ ಹೆಸರೆತ್ತಿದರೆ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ ಅದನ್ನು ಪ್ರಚಾರಮಾಡಿದವರು. 1964ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡವರು. ‘ಸ್ಪರ್ಶ್’ ಚಿತ್ರದ ಸಾಯಿ ಪರಾಂಜಪೆ ಇವರ ಮಗಳು. ತೆರೆಯ ಮೇಲೂ ಸಮಾಜಸೇವಕಿಯಾದ ಈ ಮಗಳು ತಂದೆಯ ಪಕ್ಷ ಹಿಡಿಯದೆ ನಿರ್ಮಲೆಯ ಪಕ್ಷ ವಹಿಸುತ್ತಾಳೆ. ಅದೇ ಮನೆಯಲ್ಲಿ ಸಂಪ್ರದಾಯದ ಕಾವಲಿಗೆ ನಿಂತವಳೂ ಒಬ್ಬ ಹೆಂಗಸೇ, ಮುದುಕನ ಚಿಕ್ಕಮ್ಮ. ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಹಳಸಲು ಮಾತನ್ನು ಆಡುವವರು ಇವರಿಬ್ಬರನ್ನೂ ಒಟ್ಟಿಗೆ ನೋಡಬೇಕು.

ನಿರ್ದೇಶಕ ಶಾಂತಾರಾಮರು ಹುಡುಗರಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಸಂಜೆ ಅಲ್ಲಿಯ ತಗಡಿನ ಟಾಕೀಸಿನಲ್ಲಿ ಕೆಲಸ ಮಾಡಿದವರು. ಈ ಚಿತ್ರಕ್ಕೆ ಅವರು ಹಿನ್ನೆಲೆ ಸಂಗೀತವನ್ನೇ ಇಡಲಿಲ್ಲ. ಮನೆಯ ಸದ್ದುಗಳಷ್ಟೇ ಕೇಳುತ್ತವೆ; ಗೋಡೆಯ ಗಡಿಯಾರದ ಟಿಕ್‌ಟಿಕ್ ಮುದುಕನ ವಯಸ್ಸನ್ನು ಎಣಿಸುತ್ತದೆ. ಇಂದಿನ ಧಾರಾವಾಹಿಗಳಲ್ಲಿ ಸೊಸೆ ತಲೆಯೆತ್ತಿದರೆ ಮೂರು ಸಲ ಗುಡುಗುತ್ತದಲ್ಲ, ಆ ಗದ್ದಲಕ್ಕೆ ಒಗ್ಗಿದ ಕಿವಿಗೆ ಈ ಮೌನ ಮೊದಲು ಬೇಸರ ತಂದೀತು. ಅರ್ಧ ಗಂಟೆ ತಾಳಿಕೊಳ್ಳಬೇಕು.

ಕೊನೆಯ ಬಗ್ಗೆ ನನ್ನ ಅಸಮಾಧಾನವಿದೆ. ಕಾಕಾಸಾಹೇಬ ಪಶ್ಚಾತ್ತಾಪಪಟ್ಟು, ಮರುಮದುವೆಯಾಗೆಂದು ನಿರ್ಮಲೆಗೆ ಪತ್ರ ಬರೆದಿಟ್ಟು ಪ್ರಾಣ ಬಿಡುತ್ತಾನೆ. ಕೇಶವರಾವ್ ದಾತೆಯವರ ಅಭಿನಯ ಎಷ್ಟು ಚೆನ್ನಾಗಿದೆಯೆಂದರೆ ನೋಡುವವರ ಕಣ್ಣೀರೆಲ್ಲ ಮುದುಕನ ಪಾಲಾಗುತ್ತದೆ. ಇಡೀ ಚಿತ್ರ ಅವಳು ಹೋರಾಡಿದಳು. ಬಿಡುಗಡೆ ಮಾತ್ರ ಅವನ ಕೈಬರಹದಲ್ಲಿ ಬರಬೇಕೆ? ಅವನು ವಕೀಲನೆಂಬುದನ್ನು ನೆನೆದರೆ ಸ್ವಲ್ಪ ಸಮಾಧಾನ. ಅವಳನ್ನು ಬಿಡಿಸುವ ಕಲಮು ಯಾವ ಪುಸ್ತಕದಲ್ಲೂ ಇಲ್ಲವೆಂದು ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಾರು? ಆದರೂ ನನ್ನ ಮಟ್ಟಿಗೆ ಚಿತ್ರ ಮುಗಿಯುವುದು ಅವನ ಸಾವಿಗೆ ಮೊದಲೇ.

ಇದು ಅಜ್ಜಿಯ ಕಾಲದ ಮಾತು, ಈಗೇಕೆ ಎನ್ನುವ ಸಹಪಾಠಿಗಳಿದ್ದಾರೆ. ಕರ್ನಾಟಕ 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧುವೆಂದು ಸಾರಿದೆ, ನಿಜ. ಆದರೆ ನಮ್ಮ ತರಗತಿಗೆ ಬಂದು ನೋಡಿ. ದ್ವಿತೀಯ ವರ್ಷದ ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಬೇಸಿಗೆ ರಜೆ ಕಳೆದು ಬಂದಾಗ ಬೆಂಚಿನಲ್ಲಿ ಇಲ್ಲದ ಹುಡುಗಿಯರುಂಟು. ಅವರಿಗೆಲ್ಲ ಹದಿನೆಂಟು ತುಂಬಿದೆ. ಕಾಯಿದೆಗೆ ಅವರಿಂದ ಏನೂ ಆಗಬೇಕಾದ್ದಿಲ್ಲ. ಅವರನ್ನು ಯಾರಾದರೂ ಕೇಳಿದರೋ ಇಲ್ಲವೋ.

ಬರುವ ವರ್ಷ ನಮ್ಮ ಕಲಾಸಂಘದವರು ಈ ಚಿತ್ರವನ್ನು ಸಭಾಂಗಣದ ಪರದೆಯ ಮೇಲೆ ತೋರಿಸಬೇಕೆಂದು ಕೋರುತ್ತೇನೆ. ನಡುನಡುವೆ ನಿಲ್ಲಿಸಿ ಹಿಂದಿಯ ಅರ್ಥ ಹೇಳಲು ಹಿಂದೀ ವಿಭಾಗದ ಗುರುಗಳು ಒಪ್ಪಿಯಾರು. ಸಂಜೆಯ ಹೊತ್ತು ಮಾತ್ರ ಬೇಡ. ಹಳ್ಳಿಗಳ ಕಡೆಯ ಬಸ್ಸು ಐದಕ್ಕೇ ಹೊರಡುತ್ತದೆ, ನೋಡಬೇಕಾದವರೇ ತಪ್ಪಿಹೋಗುತ್ತಾರೆ.