ಮಂಡಿಗೆ ಹಾಕಿದ ಸೂಜಿಯ ಲೆಕ್ಕ ಇಡಿ

ನಮ್ಮ ದೊಡ್ಡಮ್ಮನಿಗೆ ಮಂಡಿನೋವು. ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿಯುವವರು, ಮಂಡಿಗೆ ಸೂಜಿ ಹಾಕಿಸಿಕೊಂಡ ಮೂರನೇ ದಿನ ದೇವಸ್ಥಾನಕ್ಕೆ ನಡೆದೇ ಹೋದರು. ನೋವು ಮರಳಿದಾಗಲೆಲ್ಲ ಮತ್ತೊಂದು ಸೂಜಿ. ಎಷ್ಟಾಯಿತು ಎಂದರೆ, ‘ಐದೋ ಆರೋ, ಯಾರು ಎಣಿಸ್ತಾರಪ್ಪಾ?’ ಎಂದರು. ಚೀಟಿಯಲ್ಲಿ ‘ಮಂಡಿಗೆ ಇಂಜೆಕ್ಷನ್’ ಎಂದಷ್ಟೇ ಇತ್ತು. ಔಷಧದ ಹೆಸರಿಲ್ಲ, ಪ್ರಮಾಣವಿಲ್ಲ, ಬಲಗಾಲೋ ಎಡಗಾಲೋ ಅದೂ ಇಲ್ಲ.

ಮಂಡಿನೋವಿಗೆ ಹಾಕುವ ಇಂಥ ಸೂಜಿ ಹೆಚ್ಚಾಗಿ ಸ್ಟೀರಾಯ್ಡ್‌ನದು. ಹಾಗೆಂದು ಸ್ಟೀರಾಯ್ಡ್ ಸೂಜಿಯನ್ನೇ ಹಳಿಯುವುದು ಸರಿಯಲ್ಲ. ಸಂಧಿವಾತದಲ್ಲಿ ಒಂದು ಕೀಲು ಊದಿಕೊಂಡು ಉರಿಯುವಾಗ ಅದು ಕೊಡುವ ನೆಮ್ಮದಿ ನಿಜವಾದದ್ದು. ಆದರೆ ಸವೆದ ಮಂಡಿಯಲ್ಲಿ ಆ ನೆಮ್ಮದಿ ಕೆಲವೇ ವಾರಗಳದ್ದು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮಂಡಿ ಸವೆದ 140 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ 12 ವಾರಕ್ಕೊಮ್ಮೆ 40 ಮಿಲಿಗ್ರಾಂ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್, ಇನ್ನೊಂದಕ್ಕೆ ಬರೀ ಸಲೈನ್ ಕೊಟ್ಟರು. ಎರಡು ವರ್ಷ ಕಳೆದ ಮೇಲೂ ನೋವಿನಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಮಾತ್ರ ಸಲೈನ್ ಪಡೆದವರಲ್ಲಿ ಸರಾಸರಿ 0.10 ಮಿ.ಮೀ., ಸ್ಟೀರಾಯ್ಡ್ ಪಡೆದವರಲ್ಲಿ 0.21 ಮಿ.ಮೀ. ತೆಳುವಾಗಿತ್ತು. ಈ ಸವೆತ ನಡೆಯುವಾಗ ರೋಗಿಗೆ ಗೊತ್ತೇ ಆಗುವುದಿಲ್ಲ. ನನ್ನ ಭಯ ಇರುವುದು ಅಲ್ಲೇ.

ಸಕ್ಕರೆ ಕಾಯಿಲೆಯವರು ಇನ್ನಷ್ಟು ಎಚ್ಚರವಾಗಿರಬೇಕು. ಮಂಡಿಗೆ ಹಾಕಿದ ಔಷಧ ರಕ್ತಕ್ಕೂ ಸೇರಿ ಕೆಲವು ದಿನ ಶುಗರ್ ಏರಿಸುತ್ತದೆ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಮುಂಚಿನ 3 ತಿಂಗಳಲ್ಲಿ ಸೂಜಿ ಹಾಕಿಸಿಕೊಂಡಿದ್ದರೆ ಸೋಂಕಿನ ಅಪಾಯವೂ ಹೆಚ್ಚು. ಲೆಕ್ಕವೇ ಇಲ್ಲದ ದೊಡ್ಡಮ್ಮನಂಥವರು ನಾಳೆ ಸರ್ಜನ್‌ಗೆ ಏನು ಹೇಳಿಯಾರು?

ಒಂದೇ ಕೀಲಿಗೆ ಎರಡು ಸೂಜಿಗಳ ನಡುವೆ ಕನಿಷ್ಠ 3 ತಿಂಗಳಾದರೂ ಬಿಡುವುದು ವೈದ್ಯರ ವಾಡಿಕೆ. ನೋವು ತಡೆಯಲಾರದೆ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆಯುವ ರೋಗಿಯ ಪಾಲಿಗೆ ಆ ಅಂತರವನ್ನು ಕಾಯುವವರೇ ಇಲ್ಲ. ಔಷಧದ ಹೆಸರು, ಪ್ರಮಾಣ, ಯಾವ ಕೀಲು, ಯಾವ ದಿನ, ಇಷ್ಟನ್ನು ಪ್ರತಿ ಸಲವೂ ಬರೆದುಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಬೇಕು. ಒಂದು ಸಾಲಿನ ಬರಹ, ಅರ್ಧ ನಿಮಿಷದ ಕೆಲಸ.

ಓದುಗರೇ, ಆದೇಶ ಬರಲಿ ಎಂದು ಕಾಯಬೇಡಿ. ಮನೆಯ ಹಿರಿಯರ ಜೊತೆ ಹೋದಾಗ ಕೇಳಿ ಬರೆಸಿಕೊಳ್ಳಿ, ಚೀಟಿ ಜೋಪಾನವಾಗಿಡಿ. ಸೂಜಿ ಹಾಕಿಸಿಕೊಂಡ ಮೇಲೆ ಮಂಡಿ ಕೆಂಪಗೆ ಊದಿ ಜ್ವರ ಬಂದರೆ ಬೆಳಗಾಗಲಿ ಎನ್ನದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.