ಹೈವೇ ಮ್ಯಾಲಿನ ಕಲ್ಲು ಎತ್ತಾಕ ನಮ್ಮ ಹುಡುಗನೇ ಯಾಕ ಇಳೀಬೇಕು?



ಹೈವೇ ಮೇಲೆ ಕಲ್ಲು ಬಿದ್ದಿದೆ, ಒಡೆದ ಟೈರಿನ ತುಂಡು ಬಿದ್ದಿದೆ, ಸತ್ತ ನಾಯಿ ಬಿದ್ದಿದೆ ಅಂತ ಇಟ್ಟುಕೊಳ್ಳಿ. ಗಾಡಿಯಿಂದ ಇಳಿದು ಅದನ್ನ ಎಳೆದು ಹಾಕೋನು ಯಾರು? ಲಾರಿ ಓನರ್ ಅಲ್ಲ. ಟೋಲ್ ತಗೊಳ್ಳೋರೂ ಅಲ್ಲ. "ಏ ಹುಡುಗಾ, ಇಳಿದು ಅದನ್ನ ಸರಸಲೇ" ಅಂತ ಅನ್ನಿಸಿಕೊಳ್ಳೋನು ಕ್ಲೀನರ್. ಅವನು ಯಾವ ಕೇರಿಯವನು ಅಂತ ನಾನು ಬ್ಯಾರೆ ಹೇಳಬೇಕಾ?

ಈ ಸೀಸನ್ನಿಗೆ ನಮ್ಮ ಕುಪ್ಪೇಲೂರು ಕಡೆಯಿಂದ ಇನ್ನೊಂದಿಷ್ಟು ಹುಡುಗರು ಲಾರಿ ಹತ್ತಿದಾರೆ. ನಮ್ಮ ಅಕ್ಕನ ಮಗನೂ ಅವರಲ್ಲಿ ಒಬ್ಬ. ಮೆಕ್ಕೆಜೋಳದ ಲೋಡು, ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ಲೋಡು, ರಾತ್ರಿಯೆಲ್ಲ 48ನೇ ನಂಬರಿನ ಹೆದ್ದಾರಿ. ಲೈಸೆನ್ಸಿಗೆ ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ನಿಯಮವನ್ನ 2019ರಲ್ಲಿ ತೆಗೆದರು, ಒಳ್ಳೇದೇ ಆಯ್ತು, ಶಾಲೆ ಬಿಟ್ಟ ನಮ್ಮ ಹುಡುಗರಿಗೂ ಸ್ಟೇರಿಂಗ್ ಸಿಕ್ತು. ಸ್ವಾವಲಂಬಿ ಸಾರಥಿ ಅಂತ ಗಾಡಿ ತಗೊಳ್ಳೋಕೆ ಸರ್ಕಾರದ ಸಬ್ಸಿಡಿಯೂ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಲೈಟಿನ ಬೆಳಕಿನಲ್ಲಿ ಒಂದು ಬಂಡೆ ಕಂಡರೆ ಏನು ಮಾಡಬೇಕು ಅಂತ ಆ ಹುಡುಗನಿಗೆ ಯಾರು ಕಲಿಸಿದರು? ಯಾರೂ ಇಲ್ಲ. "ಹೊಡಕೋತ ಹೊಡಕೋತ ಬರತೈತಿ" ಅಂತಾರೆ. ಕಲಿಯೋ ಮೊದಲೇ ಹೋದವರ ಮನೆಗೆ ಯಾರೂ ಬಂದು ಹೀಗೆ ಹೇಳಲ್ಲ.

ಮೊದಲು ಈ ಕಲ್ಲು ಎಲ್ಲಿಂದ ಬರತೈತಿ ನೋಡ್ರಿ. ಅದು ಆಕಾಶದಿಂದ ಬೀಳಲ್ಲ. ಗಾಡಿ ಕೆಟ್ಟು ನಿಂತಾಗ ಹಿಂದೆ ನಾಲ್ಕು ಕಲ್ಲು, ಒಂದಿಷ್ಟು ಸೊಪ್ಪು ಇಡ್ತಾರೆ. ರಿಪೇರಿ ಆದ ಮೇಲೆ ಗಾಡಿ ಹೋಗ್ತದೆ, ಕಲ್ಲು ಅಲ್ಲೇ ಉಳೀತದೆ. ಸವೆದ ಟೈರಿಗೆ ಮತ್ತೆ ಮತ್ತೆ ರಬ್ಬರ್ ಹಾಕಿಸಿ, ಅದರ ಮೇಲೆ ಓವರ್‌ಲೋಡ್ ಹೊರಿಸಿದರೆ ಸಿಪ್ಪೆ ಬಿಚ್ಚಿದಂಗೆ ಬಿಚ್ಚಿ ರಸ್ತೆಗೆ ಬೀಳ್ತದೆ. ಊರಿನ ರಸ್ತೆಗಳಲ್ಲಿ ಒಕ್ಕಲು ಮಾಡ್ತಾರೆ, ಮೆಕ್ಕೆಜೋಳ ಒಣಗಿಸ್ತಾರೆ, ಸುತ್ತ ಕಲ್ಲು ಸಾಲಾಗಿ ಇಡ್ತಾರೆ. ಕಾಳು ಮನೆಗೆ ಹೋಗ್ತದೆ, ಕಲ್ಲು ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರೋನಿಗೆ ಕಾಯ್ತಾ ಇರ್ತದೆ. ರೈತರ ಮೇಲೆ ನನಗೆ ದ್ವೇಷ ಇಲ್ಲ. ಅವರಿಗೊಂದು ಒಕ್ಕಣೆ ಕಣ ಕಟ್ಟಿಕೊಡದ ಪಂಚಾಯ್ತಿಯ ಮೇಲೆ ಸಿಟ್ಟಿದೆ.

ಎಲ್ಲಕ್ಕಿಂತ ದೊಡ್ಡ ಕಲ್ಲು ಅಂದರೆ ರಸ್ತೆಯಲ್ಲಿ ನಿಂತ ಲಾರಿಯೇ. 2024ರ ಜೂನ್ 28ರ ಬೆಳಗಿನ ಜಾವ ನಮ್ಮ ಪಕ್ಕದ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ಆದದ್ದನ್ನ ಮರೆತಿಲ್ಲ ತಾನೆ? ದೇವರ ದರ್ಶನ ಮುಗಿಸಿ ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಗೆ ವಾಪಸ್ ಹೊರಟಿದ್ದ ಟಿಟಿ ಗಾಡಿ, ನಿಂತ ಲಾರಿಯ ಹಿಂಬದಿಗೆ ಗುದ್ದಿತು. 13 ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ನಾಲ್ಕು ದಿನ ಟಿವಿ, ಸಂತಾಪ, ಪರಿಹಾರದ ಘೋಷಣೆ. ಆಮೇಲೆ? ಇವತ್ತು ರಾತ್ರಿ ಅದೇ ಹೈವೇಗೆ ಹೋಗಿ ನೋಡ್ರಿ, ಅಂಚಿನಲ್ಲಿ ಲೈಟಿಲ್ಲದೆ ನಿಂತ ಲಾರಿ ಎಷ್ಟು ಅಂತ ನೀವೇ ಎಣಿಸ್ರಿ.

ಅದಕ್ಕೇ ಹೊಸದಾಗಿ ಸ್ಟೇರಿಂಗ್ ಹಿಡಿದ ತಮ್ಮಂದಿರಿಗೆ ನೇರವಾಗಿ ಹೇಳ್ತೀನಿ. ಹಳೇ ಡ್ರೈವರ್ ಅಣ್ಣಂದಿರನ್ನ ಕೇಳಿ ಕೇಳಿ ಬರೆದಿಟ್ಟ ಮಾತುಗಳಿವು. ಶೇರ್ ಮಾಡ್ರಿ.

1. 60ರ ಸ್ಪೀಡಿನಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗ್ತದೆ. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗೋಕೆ ಎರಡು ಸೆಕೆಂಡ್ ಹಿಡಿದರೆ 34 ಮೀಟರ್ ಆಗಲೇ ದಾಟಿರ್ತೀಯ. ರಾತ್ರಿ ನಿನ್ನ ಲೈಟು ತೋರಿಸುವಷ್ಟು ದೂರದೊಳಗೆ ಗಾಡಿ ನಿಲ್ಲಬೇಕು, ಅಷ್ಟೇ ಸ್ಪೀಡು. ಮುಂದಿನ ಗಾಡಿಗೆ ಅಂಟಿಕೊಂಡು ಹೋದರೆ ಅದರ ಗಾಲಿ ಕೆಳಗಿನಿಂದ ಕಲ್ಲು ಹೊರಬಂದಾಗಲೇ ನಿನಗೆ ಕಾಣೋದು.

2. ಲೋಡ್ ಇದ್ದಾಗ ಸ್ಟೇರಿಂಗ್ ಜಗ್ಗಬ್ಯಾಡ. ಎತ್ತರಕ್ಕೆ ಹೇರಿದ ಚೀಲದ ಗಾಡಿ ಕಲ್ಲಿಗಿಂತ ಮೊದಲು ಸ್ಟೇರಿಂಗ್ ಜಗ್ಗಿದ್ದಕ್ಕೇ ಮಗುಚ್ತದೆ. ಪಕ್ಕದ ಲೇನಿನಲ್ಲಿ ಬೈಕಿನವನು ಇದ್ದರೆ ಅವನೂ ಹೋದ. ಸ್ಟೇರಿಂಗ್ ನೆಟ್ಟಗೆ ಹಿಡಿ, ಬ್ರೇಕ್ ಹಾಕಿ ಸ್ಪೀಡ್ ಇಳಿಸು, ಕನ್ನಡಿ ನೋಡಿ ಜಾಗ ಇದ್ದರೆ ಮಾತ್ರ ನಿಧಾನಕ್ಕೆ ಸರಿ.

3. ತಪ್ಪಿಸೋಕೆ ಆಗದೆ ಹತ್ತಿಸಿದರೆ ಮುಂದೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ನೋಡು: ಟೈರು, ಏರ್ ಪೈಪು, ಡೀಸೆಲ್ ಟ್ಯಾಂಕು, ಏರ್ ಮೀಟರಿನ ಮುಳ್ಳು. ಏರ್ ಇಳೀತಾ ಇದ್ದರೆ ಒಂದು ಅಡಿನೂ ಮುಂದೆ ಹೋಗಬ್ಯಾಡ.

4. ಹೊರಡೋ ಮೊದಲು ಹಿಂದಿನ ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿದೆಯಾ ನೋಡು. ಅದು ಹಾರಿದರೆ ಹಿಂದಿನವನ ಗಾಜು, ತಲೆ ಎರಡೂ ಒಡೀತದೆ. ಹಗ್ಗ, ತಾಡಪತ್ರಿ, ಸ್ಟೆಪ್ನಿ, ಹಿಂದಿನ ಬಾಗಿಲಿನ ಕೊಂಡಿ ಎಲ್ಲಾ ಜಗ್ಗಿ ನೋಡು.

5. ಗಾಡಿ ಕೆಟ್ಟರೆ ಆದಷ್ಟು ಎಡಕ್ಕೆ ತಗೋ, ನಾಲ್ಕೂ ಇಂಡಿಕೇಟರ್ ಹಾಕು, ಗಾಡಿಯ ಜೊತೆ ಕೊಟ್ಟಿರೋ ಕೆಂಪು ತ್ರಿಕೋನವನ್ನ ದೂರದಲ್ಲಿ ಹಿಂದೆ ಇಡು. ಕಲ್ಲು ಇಡಬ್ಯಾಡ. ಇಟ್ಟೆಯಾ, ಎತ್ತಿ ಹೋಗು. ನಿನ್ನ ಕಲ್ಲಿಗೆ ಬೀಳೋನು ನಿನ್ನಂಥ ಇನ್ನೊಬ್ಬ ಬಡವರ ಮಗನೇ.

6. ಓಡೋ ಹೈವೇ ನಡುವೆ ಇಳಿದು ಏನನ್ನೂ ಎತ್ತಬ್ಯಾಡ. 1033ಕ್ಕೆ ಫೋನ್ ಮಾಡು, ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ, ಹಗಲು ರಾತ್ರಿ ಇರ್ತದೆ. ಕಿಲೋಮೀಟರ್ ಕಲ್ಲಿನ ನಂಬರ್ ಹೇಳು. ಜೀವದ ಪ್ರಶ್ನೆ ಇದ್ದರೆ 112.

ಈ ಆರನೇ ಮಾತಿಗೇ ಕೆಲವರಿಗೆ ಹೊಟ್ಟೆ ಉರೀತದೆ ಅಂತ ಗೊತ್ತು. "ದಾರಿಯ ಕಲ್ಲು ಸರಸೋದು ಪುಣ್ಯದ ಕೆಲಸ, ಅದರಾಗೂ ಜಾತಿ ತರ್ತೀರಲ್ಲ" ಅಂತಾರೆ. ಸ್ವಾಮಿ, ಪುಣ್ಯ ಅಷ್ಟು ಚಲೋ ಇದ್ದರೆ ನೀವು ಇಳೀರಿ. ಗಾಡಿ ಓಡಾಡದ ಹೊಲದ ದಾರಿಯಲ್ಲಿ ಕಲ್ಲು ಸರಿಸೋಕೆ ನಮ್ಮ ಹುಡುಗರು ಯಾವತ್ತೂ ಹಿಂದೆ ಮುಂದೆ ನೋಡಿಲ್ಲ. ನೂರರ ಸ್ಪೀಡಿನಲ್ಲಿ ಕಾರು ಬರೋ ರಸ್ತೆಗೆ, ಕತ್ತಲಲ್ಲಿ, ಹೊಳೆಯೋ ಜಾಕೆಟ್ ಕೂಡ ಕೊಡದೆ, 18 ವರ್ಷದ ಹುಡುಗನ್ನ ಇಳಿಸೋದಕ್ಕೆ ಪುಣ್ಯ ಅನ್ನೋ ಹೆಸರಿಲ್ಲ. ರಸ್ತೆ ಚೊಕ್ಕಟ ಇಡೋದು ಟೋಲ್ ತಗೊಳ್ಳೋರ ಕೆಲಸ. ಪೆಟ್ರೋಲಿಂಗ್ ಗಾಡಿ, ಕ್ರೇನು ಇಟ್ಟಿರೋದು ಅದಕ್ಕೇ.

ಸತ್ತ ಪ್ರಾಣಿಯ ಮಾತು ಬಂದರಂತೂ ಜಾತಿ ತಂದವರು ನಾವಲ್ಲ, ನೀವು. ಊರಿನ ಸತ್ತ ದನ ಯಾರು ಹೊರಬೇಕು ಅಂತ ತಲೆತಲಾಂತರದಿಂದ ಬರೆದಿಟ್ಟವರು ಯಾರು? ಸತ್ತ ದನದ ಮಾಂಸ ಬಿಡಿ, ಮರ್ಯಾದೆಯಿಂದ ಬದುಕಿ ಅಂತ ಬಾಬಾಸಾಹೇಬರು 1927ರಲ್ಲೇ ಮಹಾಡ್‌ನಲ್ಲಿ ಹೇಳಿದರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮವರನ್ನ ಕಟ್ಟಿ ಹೊಡೆದಾಗ, ಅಲ್ಲಿನ ದಲಿತರು ಸತ್ತ ದನ ತಂದು ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ಹಾಕಿ "ಇನ್ನು ನೀವೇ ಎತ್ತಿ" ಅಂದರು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ ಕಲಂ 3(1)(ಐ) ಓದ್ರಿ. ಪರಿಶಿಷ್ಟ ಜಾತಿ, ಪಂಗಡದವರಿಂದ ಸತ್ತ ಪ್ರಾಣಿಯನ್ನ ಎತ್ತಿಸೋದು, ಹೊರಿಸೋದು ಅಪರಾಧ. ಮಾಡಿಸಿದ ಪರಿಶಿಷ್ಟೇತರನಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಈ ಕಲಂ ಊರೊಳಗೆ ಮಾತ್ರ, ಹೈವೇಗೆ ಬರಲ್ಲ ಅಂತ ಎಲ್ಲಿ ಬರೆದಿದೆ?

ಇನ್ನೊಂದು ಮಾತು. ನಾನು ದಿನಾ ಕಚೇರಿಯಲ್ಲಿ ಕಾಗದದ ನಡುವೆ ಕೂತಿರೋ ಗುಮಾಸ್ತ, ಕಾಗದದ ಬೆಲೆ ನನಗೆ ಗೊತ್ತು. ಡ್ರೈವರ್, ಕ್ಲೀನರ್ ಇಬ್ಬರೂ ನೌಕರರ ಪರಿಹಾರದ ಕಾನೂನಿಗೆ ಬರ್ತಾರೆ. ಆದರೆ ಸತ್ತ ಮೇಲೆ "ಅವನು ನಮ್ಮ ಗಾಡಿಯವನೇ ಅಲ್ಲ" ಅಂತ ಓನರ್ ಅಂದರೆ ಏನು ತೋರಿಸ್ತೀರಿ? ಅದಕ್ಕೆ ಸಂಬಳ ಕೈಯಲ್ಲಿ ಇಸ್ಕೋಬ್ಯಾಡ್ರಿ, ಬ್ಯಾಂಕಿಗೆ ಹಾಕಿಸ್ಕೊಳ್ರಿ. ಟ್ರಿಪ್ ಹೊರಟಾಗ ಗಾಡಿ ನಂಬರ್, ಲೋಡಿನ ಚೀಟಿಯ ಫೋಟೋ ತೆಗೆದು ಮನೆಯವರ ವಾಟ್ಸಾಪಿಗೆ ಹಾಕ್ರಿ. ಎರಡು ನಿಮಿಷದ ಕೆಲಸ, ನಾಳೆ ಅದೇ ಸಾಕ್ಷಿ.

ಸಂಘಟನೆಯ ಗೆಳೆಯರೆ, ನಮ್ಮ ಬೇಡಿಕೆ ಸ್ಪಷ್ಟ ಇರಲಿ. ಸಬ್ಸಿಡಿ ಗಾಡಿ ಕೊಡೋ ಇಲಾಖೆ ಗಾಡಿಯ ಕೀ ಜೊತೆ ರಸ್ತೆ ಸುರಕ್ಷತೆಯ ತರಬೇತಿಯನ್ನೂ ಕೊಡಲಿ. ಪ್ರತಿ ಪಂಚಾಯ್ತಿಯಲ್ಲಿ ಒಕ್ಕಣೆ ಕಣ ಆಗಲಿ. ಹೈವೇಯಲ್ಲಿ ಲಾರಿ ನಿಲ್ಲಿಸೋಕೆ ಬೆಳಕಿರೋ ಜಾಗ ಮಾಡಲಿ. ರಸ್ತೆಯ ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಮೀರಿ ಜೀವ ಹೋದರೆ ಹೊಣೆಗಾರ ಸಂಸ್ಥೆಗೆ, ಗುತ್ತಿಗೆದಾರನಿಗೆ ಒಂದು ಲಕ್ಷದವರೆಗೆ ದಂಡ ಹಾಕೋ ಕಲಂ 198ಎ ಮೋಟಾರು ವಾಹನ ಕಾಯ್ದೆಯಲ್ಲಿದೆ. ಪ್ರತಿ ಅಪಘಾತದ ಎಫ್‌ಐಆರ್‌ನಲ್ಲಿ ಬರೀ ಡ್ರೈವರ್ ಹೆಸರು ಯಾಕೆ, ಈ ಕಲಂ ಯಾಕಿಲ್ಲ ಅಂತ ಠಾಣೆಗೆ ಹೋಗಿ ಕೇಳೋಣ.

ತಮ್ಮಾ, ನಾಳೆ ರಾತ್ರಿ ಯಾರಾದರೂ "ಇಳಿದು ಅದನ್ನ ಎಳಿ" ಅಂದರೆ ಜಗಳ ಮಾಡಬ್ಯಾಡ, ಗಾಬರಿಯಾಗಬ್ಯಾಡ. ಫೋನ್ ತೆಗಿ, 1033 ಒತ್ತು. "ಕರೆದೀನ್ರಿ, ಎತ್ತೋರು ಬರ್ತಾರೆ" ಅನ್ನು. ಅಷ್ಟು ಸಾಕು.

ಜೈ ಭೀಮ್.