ಹೆಣ್ಣಿನ ಕೈಗೆ ಹಗುರ ಬಾಣ

ಹೆಣ್ಣುಮಕ್ಕಳಿಗೆ ಏನು ಕೊಟ್ಟರೂ ಹಗುರವಾದದ್ದನ್ನೇ ಕೊಡಬೇಕು ಎಂಬ ಒಂದು ಔದಾರ್ಯ ನಮ್ಮ ಸಮಾಜದಲ್ಲಿದೆ. ಹಗುರವಾದ ಓದು, ಹಗುರವಾದ ಆಟ, ಹಗುರವಾದ ಜವಾಬ್ದಾರಿ. 'ಪಾಪ, ಹೆಣ್ಣು ಹುಡುಗಿ, ಅವಳ ಕೈಲಿ ಎಲ್ಲಾಗುತ್ತೆ' ಎನ್ನುವವರೆಲ್ಲ ಕೆಟ್ಟವರೇನಲ್ಲ. ಆದರೆ ಈ ಔದಾರ್ಯ ನೀರಿನ ಬಿಂದಿಗೆಯ ಹತ್ತಿರ, ರಾಗಿ ಚೀಲದ ಹತ್ತಿರ ಏಕೆ ಸುಳಿಯುವುದಿಲ್ಲ? ನಮ್ಮ ಯಲಿಯೂರಿನ ಗದ್ದೆಯ ಬದುವಿನಲ್ಲಿ ಕಬ್ಬಿನ ಸೋಗೆಯ ಹೊರೆ ಹೊತ್ತು ಬರುವ ಹೆಂಗಸಿಗೆ 'ಸ್ವಲ್ಪ ಹಗುರ ಮಾಡ್ಕೊಳವ್ವ' ಎಂದವರನ್ನು ನಾನು ಕಂಡಿಲ್ಲ. ಹೊರುವುದಾದರೆ ಭಾರ, ಆಡುವುದಾದರೆ ಹಗುರ. ನಮ್ಮ ಪಾಲಿಗೆ ಬಂದ ಲೆಕ್ಕ ಇದು.

ಈ ಲೆಕ್ಕದ ಪೊಳ್ಳು ನನಗೆ ಚೆನ್ನಾಗಿ ತಿಳಿದದ್ದು ಬಿಲ್ಲು ಬಾಣದಿಂದ. ಊರಿನಲ್ಲಿರುವ ನನ್ನ ತಮ್ಮನ ಮಗಳು ಬಿಲ್ಲುವಿದ್ಯೆಯ ಒಂದು ತರಬೇತಿ ಶಿಬಿರಕ್ಕೆ ಸೇರಿದ್ದಳು. ಮೊದಲ ವಾರವೇ ಬಂದು ಹೇಳಿದಳು: 'ಅತ್ತೆ, ಗಂಡುಡುಗ್ರಿಗೆಲ್ಲ ತೋಳು ಅಳ್ದು ಬಾಣ ಕೊಟ್ರು. ನಮ್ಗೆ ಮಾತ್ರ ಉಳ್ದಿದ್ರಲ್ಲಿ ಹಗುರದ್ದು ನೋಡಿ ತಕೊಳ್ಳಿ ಅಂದ್ರು.' ನಮ್ಮದನ್ನೂ ಅಳೆಯಿರಿ ಎಂದು ಕೇಳಿದ್ದಕ್ಕೆ 'ಹೆಣ್ಣುಮಕ್ಕಳಿಗೆ ಅಷ್ಟು ಸಾಕು' ಎಂಬ ಉತ್ತರ ಬಂತಂತೆ. ತಿಂಗಳು ಕಳೆಯಿತು. ಬಾಣ ಗುರಿಗೆ ಬೀಳಲಿಲ್ಲ. 'ಅವಳಿಗೆ ಹತ್ತದ ವಿದ್ಯೆ ಯಾಕಕ್ಕ' ಎಂದು ತಮ್ಮ ಅವಳನ್ನು ಬಿಡಿಸಿಬಿಟ್ಟ. ತಪ್ಪು ಯಾರದೋ, ಸೋತವಳು ಮಾತ್ರ ಹುಡುಗಿ.

ಆಗ ನಾನು ಬಾಣದ ತೂಕದ ವಿಚಾರ ಕೆದಕಿ ನೋಡಿದೆ. ಇದನ್ನು ಎಲ್ಲರಿಗಿಂತ ಹೆಚ್ಚು ತಲೆಕೆಡಿಸಿಕೊಂಡು ಯೋಚಿಸಿದವರು ಬಿಲ್ಲಿನಿಂದ ಬೇಟೆಯಾಡುವವರು. ಆಟದಲ್ಲಿ ಬಾಣದ ತೂಕ ತಪ್ಪಿದರೆ ಹೋಗುವುದು ಅಂಕ. ಬೇಟೆಯಲ್ಲಿ ತಪ್ಪಿದರೆ ಪ್ರಾಣಿ ಸಾಯದೆ, ಬದುಕದೆ, ಗಾಯ ಹೊತ್ತು ಪೊದೆಯಲ್ಲಿ ನರಳುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಕಾಡುಪ್ರಾಣಿಗಳ ಬೇಟೆ ಅಪರಾಧ. ಅದು ಹಾಗೆಯೇ ಇರಲಿ. ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಕಲಿತ ಪಾಠ ಮಾತ್ರ ನಮಗೆ ಬೇಕಾದದ್ದು.

ಬಾಣವನ್ನು ತೂಗುವುದು ಗ್ರೇನ್ ಎಂಬ ಅಳತೆಯಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಚಿನ್ನ ಕೊಂಡು ಗೊತ್ತಿರುವ ನಮಗೆ ಇದು ಕಷ್ಟವಲ್ಲ: ಅಕ್ಕಸಾಲಿಗರ ಒಂದು ಗುಲಗಂಜಿ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಬಿಲ್ಲಿನ ಹೆದೆಯನ್ನು ಪೂರ್ತಿ ಎಳೆಯಲು 40 ಪೌಂಡು, ಎಂದರೆ 18 ಕಿಲೋ ಬಲ ಬೇಕೆನ್ನಿ. ಈಗಿನ ಕಾಂಪೌಂಡ್ ಬಿಲ್ಲಿಗೆ ಪೌಂಡಿಗೆ 5 ಗ್ರೇನಿಗಿಂತ ಹಗುರವಾದ ಬಾಣ ಹೂಡಬಾರದು ಎಂಬುದು ಸಾಮಾನ್ಯ ನಿಯಮ. ಆ ಲೆಕ್ಕಕ್ಕೆ 200 ಗ್ರೇನ್, 13 ಗ್ರಾಂ, ಒಂದು ತೊಲಕ್ಕಿಂತ ಸ್ವಲ್ಪ ಮೇಲೆ. ಬೇಟೆಗೆ ಅದು ಸಾಲದು. ಹಳೆಯ ಬಗೆಯ ಮರದ ಬಿಲ್ಲಿನವರು ಪೌಂಡಿಗೆ 10 ಗ್ರೇನಿನವರೆಗೂ ಹೋಗುತ್ತಾರೆ: 400 ಗ್ರೇನ್, 26 ಗ್ರಾಂ, ಎರಡು ತೊಲದ ಸರಕ್ಕಿಂತ ತುಸು ಭಾರ.

ಭಾರ ಏಕೆ ಬೇಕು? ಒನಕೆ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೆಂಡಿನಂಥ ಒನಕೆಯನ್ನು ಎಷ್ಟು ಬೀಸಾಗಿ ಹಾಕಿದರೂ ಭತ್ತ ಬಿಡುವುದಿಲ್ಲ. ತೂಕದ ಒನಕೆ ನಿಧಾನವಾಗಿ ಬಿದ್ದರೂ ಕೆಲಸ ಮಾಡುತ್ತದೆ. ಹಗುರ ಬಾಣ ಬೇಗ ಹಾರುತ್ತದೆ, ನೇರವಾಗಿಯೂ ಹಾರುತ್ತದೆ, ಆದರೆ ತಾಗಿದಲ್ಲಿ ಬೇಗ ನಿಂತುಬಿಡುತ್ತದೆ. ಭಾರದ ಬಾಣ ತಡವಾಗಿ ತಲುಪಿ ಆಳಕ್ಕೆ ಇಳಿಯುತ್ತದೆ. ಇನ್ನೊಂದು ಮಾತು: ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿಯಲ್ಲಿ ಹಗುರ ಬಾಣ ಹೊತ್ತೊಯ್ಯುವುದು ಕಡಿಮೆ, ಮಿಕ್ಕಿದ್ದು ಬಿಲ್ಲಿಗೇ ಬಡಿಯುತ್ತದೆ. ಖಾಲಿ ಒರಳಿಗೆ ಒನಕೆ ಹಾಕಿದರೆ ರಟ್ಟೆ ಜುಮ್ಮೆನ್ನುವುದಿಲ್ಲವೆ? ಹಾಗೆಯೇ, ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲೇ ಮುರಿಯಬಹುದು.

ನನ್ನ ಜಗಳದ ತಿರುಳು ಇಲ್ಲಿದೆ. 70 ಪೌಂಡಿನ ಬಿಲ್ಲೆಳೆಯುವವನಿಗೆ ಬಾಣ ಸ್ವಲ್ಪ ಹಗುರವಾದರೂ ನಡೆದೀತು. ಪೋಲು ಮಾಡಲು ಅವನಲ್ಲಿ ಶಕ್ತಿಯಿದೆ. 40 ಪೌಂಡಿನವಳಲ್ಲಿ ಪೋಲು ಮಾಡುವಷ್ಟಿಲ್ಲ. ಆದ್ದರಿಂದ ತನ್ನ ಬಿಲ್ಲಿನ ಬಲಕ್ಕೆ ಹೋಲಿಸಿದರೆ ತೂಕವಾದ ಬಾಣ, ಕಿರಿದಾದ ಹರಿತ ಮೊನೆ ಬೇಕಾಗುವುದು ಅವಳಿಗೇ. ಬಲ ಕಡಿಮೆಯಿದ್ದಲ್ಲಿ ಸಲಕರಣೆ ಇನ್ನಷ್ಟು ಸರಿಯಾಗಿರಬೇಕು. 'ಶಕ್ತಿ ಕಡಿಮೆ, ಅದಕ್ಕೇ ಹಗುರದ್ದು ಕೊಟ್ಟೆವು' ಎನ್ನುವ ಕರುಣೆ ತಲೆಕೆಳಗಾದ ಕರುಣೆ. ಕೊಟ್ಟವರಿಗೆ ಪುಣ್ಯ, ಪಡೆದವಳಿಗೆ ಸೋಲು.

ಗುರಿಯ ಆಟಕ್ಕೆ ಹಗುರ ಬಾಣವೇ ಒಳ್ಳೆಯದಲ್ಲವೆ ಎಂದು ಬಲ್ಲವರು ಕೇಳಬಹುದು. ಎಷ್ಟೋ ಸಲ ನಿಜ. ದೂರದ ಗುರಿಗೆ ಬಾಣ ಕೆಳಗಿಳಿಯದೆ ಹೋಗಬೇಕು, ಅಲ್ಲಿ ಆಳ ಬೇಕಿಲ್ಲ. ಒಲಿಂಪಿಕ್ಸ್‌ನಲ್ಲಿ 1992ರಿಂದ ಗಂಡಸರಿಗೂ ಹೆಂಗಸರಿಗೂ ಒಂದೇ ದೂರ, 70 ಮೀಟರ್. ಬಾಣ ಹಗುರವಿರಲಿ, ಭಾರವಿರಲಿ, ಅದು ಬಿಲ್ಲಿನ ಸೆಳೆತ, ಎಳೆತದ ಉದ್ದ, ಗುರಿಯ ಬಗೆ ಈ ಮೂರನ್ನು ನೋಡಿ ತೀರ್ಮಾನವಾಗಬೇಕು. ಹಿಡಿದವರು ಸೀರೆ ಉಟ್ಟಿದ್ದಾರೋ ಪ್ಯಾಂಟು ತೊಟ್ಟಿದ್ದಾರೋ ಎಂಬ ನಾಲ್ಕನೆಯ ಪ್ರಶ್ನೆ ಯಾವ ಲೆಕ್ಕದಲ್ಲೂ ಇಲ್ಲ. ಅಳೆಯದೆ ಕೊಡುವುದು ಅಪಾಯವೂ ಹೌದು. ಹಗುರವೆಂದು ಕೊಟ್ಟ ಬಾಣ ಎಳೆತಕ್ಕಿಂತ ಗಿಡ್ಡವಾಗಿದ್ದರೆ, ಮೊನೆ ಬಿಲ್ಲಿನಿಂದ ಹಿಂದಕ್ಕೆ ಜಾರಿ ಬಿಲ್ಲು ಹಿಡಿದ ಕೈಯನ್ನೇ ಚುಚ್ಚೀತು.

ಬಿಲ್ಲು ಹೆಣ್ಣಿಗೆ ಹೊಸದು ಎನ್ನುವವರು ಒಮ್ಮೆ ಬೇಲೂರಿಗೆ ಹೋಗಿ ಬರಲಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಕನ್ನಡಿ ಹಿಡಿದವಳನ್ನು ಎಲ್ಲರೂ ನೋಡುತ್ತಾರೆ, ಕ್ಯಾಲೆಂಡರಿನಲ್ಲೂ ಅವಳೇ. ಬಿಲ್ಲೆತ್ತಿ ಗುರಿಯಿಟ್ಟ ಬೇಟೆಗಾತಿಯೂ ಆ ಸಾಲಿನಲ್ಲೇ ಇದ್ದಾಳೆ. ಅವಳ ಕಾಲ ಬಳಿ ಬೇಟೆಯ ಜಿಂಕೆ ಹೊತ್ತ ಸಹಾಯಕಿ, ಕಾಲಿನ ಮುಳ್ಳು ತೆಗೆಸಿಕೊಳ್ಳುತ್ತಿರುವ ಇನ್ನೊಬ್ಬಳು. ಕಾಡು ಸುತ್ತಿ ಮುಳ್ಳು ತುಳಿದ ಹೆಣ್ಣನ್ನು ಶಿಲ್ಪಿ ಕಂಡಿದ್ದ. ನಮಗೆ ಕಾಣುವುದು ಕನ್ನಡಿ ಮಾತ್ರ.

ನಮ್ಮ ಮಂಡ್ಯ ಜಿಲ್ಲೆಯದೇ ಇನ್ನೊಂದು ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪು ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಪರಾಕ್ರಮವನ್ನೂ ಗುರುತಿಸಿ ಕಲ್ಲಿನಲ್ಲಿ ಬರೆಸಿದ ಈ ನೆಲದಲ್ಲಿ, ಒಬ್ಬ ಹುಡುಗಿಯ ತೋಳನ್ನು ಅಳೆಯಲು ಐದು ನಿಮಿಷವಿಲ್ಲವೆ?

ಅಳೆದು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾಶ್ಮೀರದ ಕಡೆಯ ಕಿಶ್ತ್ವಾರದ ಶೀತಲ್ ದೇವಿ ಸಾಕ್ಷಿ. ಹುಟ್ಟಿನಿಂದ ಎರಡೂ ತೋಳಿಲ್ಲದ ಹುಡುಗಿ. ಬಿಲ್ಲನ್ನು ಪಾದದಲ್ಲಿ ಹಿಡಿದು, ಭುಜದಿಂದ ಹೆದೆ ಸೆಳೆದು ಬಾಣ ಬಿಡುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆಗೂಡಿ ಕಂಚು ಗೆದ್ದಳು. ಅವಳಿಗೆ ಕಲಿಸಿದವರು ಅವಳ ದೇಹಕ್ಕೆ ತಕ್ಕಂತೆ ಸಲಕರಣೆ ಹೊಂದಿಸಿದರು. ತೋಳೇ ಇಲ್ಲದವಳಿಗೆ ಆದದ್ದು ಎರಡು ತೋಳಿದ್ದವಳಿಗೆ ಆಗದೆ?

ಆದ್ದರಿಂದ ತಾಯಂದಿರೇ, ಅಕ್ಕಂದಿರೇ, ಮಗಳನ್ನು ಶಿಬಿರಕ್ಕೆ ಸೇರಿಸುವಾಗ ಫೀಜು ಎಷ್ಟು ಎಂದಷ್ಟೇ ಕೇಳಿ ಬರಬೇಡಿ. ಬಿಲ್ಲಿನ ಸೆಳೆತ ಎಷ್ಟು ಪೌಂಡು, ಮಗುವಿನ ಎಳೆತ ಎಷ್ಟು ಅಂಗುಲ, ಬಾಣದ ತೂಕ ಎಷ್ಟು ಎಂದು ಕೇಳಿ. ತೋಳು ಚಾಚಿ ನಿಲ್ಲಿಸಿ, ಒಂದು ಕೈಯ ಬೆರಳ ತುದಿಯಿಂದ ಇನ್ನೊಂದರ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ಎಳೆತದ ಉದ್ದ ಸುಮಾರಾಗಿ ಸಿಗುತ್ತದೆ. ರವಿಕೆ ಹೊಲಿಸಲು ಹೋದಾಗ ಅರ್ಧ ಅಂಗುಲ ಹೆಚ್ಚು ಕಡಿಮೆಯಾದರೆ ಟೈಲರನ ಜೊತೆ ಜಗಳ ಕಾಯುವವರು ನಾವು. ಆ ಜಗಳದ ಕಾಲುಪಾಲು ಇಲ್ಲಿ ಕಾದರೆ ಸಾಕು. ಅಳೆಯಲು ಅವರಿಗೆ ಪುರುಸೊತ್ತಿಲ್ಲದಿದ್ದರೆ ಟೇಪು ಹಿಡಿದು ನಾವೇ ಒಳಗೆ ಹೋಗೋಣ.